ಡೌನಿಯ ಹಳೇ ಮೆಕ್‌ಡೊನಾಲ್ಡ್ಸ್: ಹದಿನೈದು ಸೆಂಟ್ಸ್ ಕಾಲದ ಕಿಟಕಿ

ಲಾಸ್ ಏಂಜಲೀಸಿಗೆ ಬಂದವರನ್ನು ಎಲ್ಲರೂ ಹಾಲಿವುಡ್ಡಿಗೋ ಡಿಸ್ನಿಲ್ಯಾಂಡಿಗೋ ಕರೆದುಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಬಂದವರನ್ನು ನಾನು ಮೊದಲು ಕರೆದೊಯ್ಯುವುದು ಹತ್ತಿರದ ಡೌನಿ ಊರಿಗೆ. ಅಲ್ಲಿ ಲೇಕ್‌ವುಡ್ ಬುಲೆವಾರ್ಡ್ ಮತ್ತು ಫ್ಲಾರೆನ್ಸ್ ಅವೆನ್ಯೂ ಕೂಡುವ ಮೂಲೆಯಲ್ಲಿ 1953ರ ಆಗಸ್ಟ್‌ನಲ್ಲಿ ಶುರುವಾದ ಮೆಕ್‌ಡೊನಾಲ್ಡ್ಸ್ ಇದೆ. ಪ್ರಪಂಚದಲ್ಲಿ ಇವತ್ತಿಗೂ ನಡೆಯುತ್ತಿರುವ ಮೆಕ್‌ಡೊನಾಲ್ಡ್ಸ್‌ಗಳಲ್ಲಿ ಇದೇ ಅತಿ ಹಳೆಯದು. ಬರೀ ತಿನ್ನುವುದಕ್ಕಾಗಿ ಅಷ್ಟು ದೂರ ಹೋಗಬೇಕಾ ಅಂದರೆ, ಒಂದೇ ಒಂದು ತಿಂಡಿ ಬಿಟ್ಟರೆ ಬೇಡ. ಆದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸಾಮಾನ್ಯ ಜನರ ಕೈಗೆ ದುಡ್ಡು ಬಂದು, ಅವರು ಬದುಕುವ ರೀತಿಯೇ ಬದಲಾಯಿತಲ್ಲ, ಅದನ್ನು ಕಣ್ಣಾರೆ ನೋಡಬೇಕು ಅಂದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ನನ್ನದು ಆರ್ಟೀಸಿಯಾದ ಪಯೊನೀರ್ ಬುಲೆವಾರ್ಡ್ ಹತ್ತಿರ ಒಂದು ಸಣ್ಣ ಕೇಟರಿಂಗ್ ಅಡುಗೆಮನೆ. ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ಮಾಡಿ ಕಳಿಸುವುದು ನಮ್ಮ ಕೆಲಸ. ಹಾಗಾಗಿ ಯಾವ ಹೋಟೆಲಿಗೆ ಹೋದರೂ ಒಳಗಿನವರು ಒಂದು ಆರ್ಡರಿಗೆ ಎಷ್ಟು ಹೆಜ್ಜೆ ಹಾಕುತ್ತಾರೆ ಅಂತ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಈ ಅಂಗಡಿಯ ಮುಂಭಾಗವೆಲ್ಲ ಗಾಜು. ಅಡುಗೆಮನೆ ಎಲ್ಲರಿಗೂ ಕಾಣಲಿ ಅಂತಲೇ ಹಾಗೆ ಕಟ್ಟಿದ್ದು. ಹೊರಗಡೆ ತಿನ್ನುವುದು ಅಂದರೆ ಸ್ವಚ್ಛತೆಯ ಬಗ್ಗೆ ಅನುಮಾನ ಪಡುತ್ತಿದ್ದ ತಾಯಂದಿರಿಗೆ ಅದೊಂದು ಉತ್ತರ: ಬನ್ನಿ, ನೀವೇ ನೋಡಿ, ಮುಚ್ಚಿಡುವುದು ಏನೂ ಇಲ್ಲ.

ಕಟ್ಟಡ ಚಿಕ್ಕದು. ಕೆಂಪು ಬಿಳಿ ಟೈಲ್ಸ್, ಮುಂದಕ್ಕೆ ಬಾಗಿದ ಸೂರು, ಎರಡೂ ಪಕ್ಕದಲ್ಲಿ ಸೂರನ್ನು ಸೀಳಿಕೊಂಡು ಮೇಲೆದ್ದ ಹಳದಿ ಕಮಾನು. ಈಗ ಎಲ್ಲರಿಗೂ ಗೊತ್ತಿರುವ 'ಎಂ' ಅಕ್ಷರ ಹುಟ್ಟಿದ್ದು ಇಂಥ ಕಮಾನುಗಳಿಂದ. ಇಲ್ಲಿ ಅವು ಇನ್ನೂ ಅಕ್ಷರವಾಗಿಲ್ಲ, ಕಟ್ಟಡದ ಭಾಗವಾಗಿಯೇ ನಿಂತಿವೆ. ವಿನ್ಯಾಸ ಸ್ಟ್ಯಾನ್ಲಿ ಮೆಸ್ಟನ್ ಎಂಬ ವಾಸ್ತುಶಿಲ್ಪಿಯದು. ಕಮಾನು ಬೇಕೇ ಬೇಕು ಅಂತ ಹಟ ಹಿಡಿದವರು ಮೆಕ್‌ಡೊನಾಲ್ಡ್ಸ್ ಶುರುಮಾಡಿದ ಅಣ್ಣತಮ್ಮಂದಿರಲ್ಲಿ ಒಬ್ಬರಾದ ರಿಚರ್ಡ್ ಮೆಕ್‌ಡೊನಾಲ್ಡ್. ಮೆಸ್ಟನ್‌ಗೆ ಅದು ಇಷ್ಟವಿರಲಿಲ್ಲ, ಕೊನೆಗೆ ಬೋರ್ಡ್ ಮಾಡುವ ಜಾರ್ಜ್ ಡೆಕ್ಸ್ಟರ್ ಮಾಡಿಕೊಟ್ಟರು. ಯಾಕೆ ಅಷ್ಟು ಹಟ ಅಂತ ಅರ್ಥವಾಗಬೇಕಾದರೆ ಇಲ್ಲಿಗೆ ಕಾರಿನಲ್ಲೇ, ಸಂಜೆ ಹೊತ್ತಿನಲ್ಲಿ ಬರಬೇಕು. ವೇಗವಾಗಿ ಬರುತ್ತಿರುವ ಡ್ರೈವರಿನ ಕಣ್ಣಿಗೆ ಬ್ರೇಕ್ ಹಾಕುವಷ್ಟು ದೂರದಿಂದಲೇ ಬೀಳಬೇಕಿತ್ತು. ಪಕ್ಕದಲ್ಲಿ 60 ಅಡಿ ಎತ್ತರದ ನಿಯಾನ್ ಬೋರ್ಡ್ ಇದೆ, ಅದು 1959ರದು. ಅದರ ಮೇಲೆ ಸ್ಪೀಡಿ ಅನ್ನುವ ಪುಟ್ಟ ಬಾಣಸಿಗ ಓಡುತ್ತಾನೆ. ದೀಪ ಒಂದಾದ ಮೇಲೊಂದು ಹತ್ತಿ ಆರಿದಾಗ ಕಾಲು ಆಡಿದಂತೆ ಕಾಣುತ್ತದೆ. ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ.

ಕೂತು ತಿನ್ನಲು ಒಳಗೆ ಹಾಲ್ ಇಲ್ಲ. ಕಿಟಕಿಯಲ್ಲಿ ಆರ್ಡರ್ ಕೊಟ್ಟು, ಕಿಟಕಿಯಲ್ಲೇ ತೆಗೆದುಕೊಂಡು, ಹೊರಗಿನ ಟೇಬಲ್ಲಿನಲ್ಲಿ ಅಥವಾ ಕಾರಿನಲ್ಲಿ ತಿನ್ನಬೇಕು. ಕಾರಿನಿಂದ ಇಳಿಯದೆಯೇ ಕೊಂಡು ಹೋಗುವ ಡ್ರೈವ್ ಥ್ರೂ ಕೂಡ ಇಲ್ಲ. ಇದನ್ನು ಕೊರತೆ ಅಂತ ಬರೆದವರನ್ನು ಕಂಡಿದ್ದೇನೆ. ನನ್ನ ಪ್ರಕಾರ ಈ ಅಂಗಡಿಯ ಕಥೆ ಇರುವುದೇ ಇಲ್ಲಿ ಏನೇನು ಇಲ್ಲವೋ ಅದರಲ್ಲಿ.

ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು, ಮಾರಿಸ್ ಮತ್ತು ರಿಚರ್ಡ್, 1940ರಲ್ಲಿ ಸ್ಯಾನ್ ಬರ್ನಾರ್ಡಿನೊ ಊರಿನಲ್ಲಿ ಎಲ್ಲರಂತೆ ಒಂದು ಡ್ರೈವ್ ಇನ್ ತೆರೆದರು. ಕಾರು ನಿಂತ ಕೂಡಲೇ ಹುಡುಗಿಯರು ಬಂದು ಆರ್ಡರ್ ತೆಗೆದುಕೊಂಡು, ಟ್ರೇ ತಂದು ಕಿಟಕಿಗೆ ಸಿಕ್ಕಿಸುತ್ತಿದ್ದರು. ಪಿಂಗಾಣಿ ತಟ್ಟೆ, ಗಾಜಿನ ಲೋಟ, ಸ್ಟೀಲ್ ಚಮಚ, ಉದ್ದನೆಯ ಮೆನು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೂ 1948ರಲ್ಲಿ ಅಂಗಡಿಯನ್ನು ಸುಮಾರು ಮೂರು ತಿಂಗಳು ಮುಚ್ಚಿದರು. ಲೆಕ್ಕದ ಪುಸ್ತಕ ನೋಡಿದರೆ ಮಾರಾಟದಲ್ಲಿ ಬಹುಪಾಲು ಬರೀ ಹ್ಯಾಂಬರ್ಗರಿನದು. ಹಾಗಿದ್ದಮೇಲೆ ಉಳಿದದ್ದೆಲ್ಲ ಯಾಕೆ? ಮೆನುವಿನಲ್ಲಿದ್ದ 25 ಐಟಂ 9ಕ್ಕೆ ಇಳಿಯಿತು. ತಟ್ಟೆ ಲೋಟ ಚಮಚ ಹೋಗಿ ಕಾಗದ ಬಂತು, ಪಾತ್ರೆ ತೊಳೆಯುವ ಕೆಲಸವೂ ಅದರ ಜೊತೆ ಹೋಯಿತು. ಕಾರಿನ ಹತ್ತಿರ ಬರುತ್ತಿದ್ದ 20 ಹುಡುಗಿಯರನ್ನೂ ಕೆಲಸದಿಂದ ತೆಗೆದರು. ಅಲ್ಲಿಂದ ಮುಂದೆ ಗಿರಾಕಿಯೇ ಕಾರಿನಿಂದಿಳಿದು ಕಿಟಕಿಗೆ ಬರಬೇಕು. ಅದರ ಬದಲಿಗೆ ಅವನಿಗೆ ಸಿಕ್ಕಿದ್ದು 30 ಸೆಂಟ್ಸ್ ಹ್ಯಾಂಬರ್ಗರ್ 15 ಸೆಂಟ್ಸಿಗೆ.

ಅಡುಗೆ ವ್ಯಾಪಾರ ಮಾಡುವವರಿಗೆ ಇದು ಎಂಥ ಧೈರ್ಯ ಅಂತ ಅರ್ಥವಾಗುತ್ತದೆ. ನಡೆಯುತ್ತಿರುವ ಹೋಟೆಲಿನ ಮೆನುವಿನಿಂದ ಒಂದು ಐಟಂ ತೆಗೆಯುವುದಕ್ಕೇ ನಾವು ವರ್ಷಗಟ್ಟಲೆ ಹಿಂದೆಮುಂದೆ ನೋಡುತ್ತೇವೆ. ಅವರು ಪ್ರತಿಯೊಂದು ಹ್ಯಾಂಬರ್ಗರಿಗೂ ಒಂದೇ ಅಳತೆ ಇಟ್ಟರು: ಒಂದು ಪೌಂಡ್ ಮಾಂಸಕ್ಕೆ 10 ಪ್ಯಾಟಿ, ಮೇಲೆ ಕೆಚಪ್, ಸಾಸಿವೆ, ಈರುಳ್ಳಿ, ಎರಡು ಬಿಲ್ಲೆ ಉಪ್ಪಿನ ಸೌತೆಕಾಯಿ. "ನನಗೆ ಈರುಳ್ಳಿ ಬೇಡ" ಅಂದವರು ಕಾಯಬೇಕು. ಕೆಚಪ್ ಹಾಕುವುದಕ್ಕೆ ಒಂದು ಸಲ ಒತ್ತಿದರೆ ಅಳೆದಷ್ಟೇ ಬೀಳುವ ಪಂಪನ್ನು ಸ್ಥಳೀಯ ಕುಶಲಕರ್ಮಿಯಿಂದ ಮಾಡಿಸಿಕೊಂಡರು. ಮಿಲ್ಕ್‌ಶೇಕಿಗೆ ಒಂದೇ ಸಲ ಐದು ಲೋಟ ಕಡೆಯುವ ಮಲ್ಟಿಮಿಕ್ಸರ್‌ಗಳನ್ನು ಸಾಲಾಗಿ ಇಟ್ಟರು. ಒಂದೇ ಅಂಗಡಿಗೆ ಎಂಟು ಮಿಕ್ಸರ್ ಯಾಕೆ ಬೇಕು ಅಂತ ನೋಡಲು 1954ರಲ್ಲಿ ಬಂದವರೇ ಅದನ್ನು ಮಾರುತ್ತಿದ್ದ ರೇ ಕ್ರಾಕ್. 1955ರ ಏಪ್ರಿಲ್‌ನಲ್ಲಿ ಅವರು ಇಲಿನಾಯ್ಸ್‌ನ ಡೆಸ್ ಪ್ಲೇನ್ಸಿನಲ್ಲಿ ತಮ್ಮ ಮೊದಲ ಅಂಗಡಿ ತೆರೆದರು, 1961ರಲ್ಲಿ ಅಣ್ಣತಮ್ಮಂದಿರಿಂದ ಪೂರ್ತಿ ಕಂಪನಿಯನ್ನೇ 27 ಲಕ್ಷ ಡಾಲರಿಗೆ ಕೊಂಡರು. ಆ ಭಾಗ ಬಹಳ ಜನರಿಗೆ ಗೊತ್ತಿದೆ, ಬಿಡಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟೆನಿಸ್ ಅಂಗಳದ ವಿಷಯ. ಹೊಸ ಅಡುಗೆಮನೆ ಹೇಗಿರಬೇಕು ಅಂತ ತಿಳಿಯಲು ಅಣ್ಣತಮ್ಮಂದಿರು ತಮ್ಮ ಮನೆಯ ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಲ್ಲಿ ಅಳತೆಗೆ ಸರಿಯಾಗಿ ಗೆರೆ ಎಳೆದರು. ಇದು ಹೆಂಚು, ಇದು ಎಣ್ಣೆಬಾಣಲೆ, ಇದು ಬನ್ ಇಡುವ ಜಾಗ. ರಾತ್ರಿ ಕೆಲಸದವರನ್ನು ಕರೆಸಿ, ಕೈಯಲ್ಲಿ ಏನೂ ಇಲ್ಲದೆಯೇ ಹ್ಯಾಂಬರ್ಗರ್ ಮಾಡಿದಂತೆ ಓಡಾಡಿಸಿದರು. ಒಬ್ಬರಿಗೊಬ್ಬರು ಡಿಕ್ಕಿಯಾದ ಕಡೆ ಗೆರೆ ಅಳಿಸಿ ಮತ್ತೆ ಎಳೆದರು. ನಾನು ಮೊದಲು ದುಡಿದ ಒಂದು ಅಡುಗೆಮನೆಯಲ್ಲಿ ಫ್ರಿಜ್ ಒಂದು ತುದಿಗೆ, ಒಲೆ ಇನ್ನೊಂದು ತುದಿಗೆ, ನಡುವೆ ಪಾತ್ರೆ ತೊಳೆಯುವ ಸಿಂಕ್. ಸಂಜೆಯಾಗುವ ಹೊತ್ತಿಗೆ ಮೀನಖಂಡ ಕಲ್ಲಾಗಿರುತ್ತಿತ್ತು. ಕಟ್ಟಿಸಿದವರಲ್ಲಿ ಯಾರೂ ಅಲ್ಲಿ ಒಂದು ದಿನವೂ ನಿಂತು ಅಡುಗೆ ಮಾಡಿರಲಿಲ್ಲ. ನನ್ನ ಸ್ವಂತ ಅಡುಗೆಮನೆಗೆ ಬಾಡಿಗೆ ಕರಾರು ಆದಮೇಲೆ ಖಾಲಿ ನೆಲದ ಮೇಲೆ ಟೇಪ್ ಅಂಟಿಸಿ, ನಾವು ಮೂವರು ಸುಮ್ಮನೆ ಓಡಾಡಿ ನೋಡಿದೆವು. ಒಲೆ ಇಡುವ ಜಾಗ ಅಲ್ಲೇ ಬದಲಾಯಿತು. ಆ ಪಾಠ ನನಗೆ ಸಿಕ್ಕಿದ್ದು ಈ ಅಣ್ಣತಮ್ಮಂದಿರಿಂದ.

ಈಗ 15 ಸೆಂಟ್ಸ್ ಅಂದರೆ ಎಷ್ಟು ಅಂತ ನೋಡೋಣ. 1953ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ 75 ಸೆಂಟ್ಸ್. ತೀರ ಕಡಿಮೆ ಕೂಲಿಯವನಿಗೂ ಒಂದು ಹ್ಯಾಂಬರ್ಗರ್ 12 ನಿಮಿಷದ ದುಡಿಮೆ. ಫ್ರೆಂಚ್ ಫ್ರೈಸ್ 10 ಸೆಂಟ್ಸ್, ಮಿಲ್ಕ್‌ಶೇಕ್ 20. ಗಂಡ ಹೆಂಡತಿ ಎರಡು ಮಕ್ಕಳು ಎರಡು ಡಾಲರಿನೊಳಗೆ ಹೊಟ್ಟೆ ತುಂಬಿಸಿಕೊಂಡು ಮನೆಗೆ ಹೋಗಬಹುದಿತ್ತು, ಟಿಪ್ಸ್ ಕೊಡುವ ಪ್ರಶ್ನೆಯೇ ಇಲ್ಲ. ಆದರೆ ನನ್ನಂಥವಳು ಇನ್ನೊಂದು ಕಡೆಯನ್ನೂ ಹೇಳಬೇಕು. ಆ 75 ಸೆಂಟ್ಸಿನ ಕಾನೂನು ಹೋಟೆಲ್ ಕೆಲಸದವರಿಗೆ ಅನ್ವಯಿಸುತ್ತಲೇ ಇರಲಿಲ್ಲ. ಅವರನ್ನು ಅದರೊಳಗೆ ತಂದದ್ದು 1966ರ ತಿದ್ದುಪಡಿ. ಅಗ್ಗದ ಊಟದ ಅಗ್ಗದಲ್ಲಿ ಒಂದು ಪಾಲು ಕಿಟಕಿಯ ಒಳಗೆ ನಿಂತವರ ಜೇಬಿನಿಂದ ಬಂದದ್ದು. 2024ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾದ ದೊಡ್ಡ ಫಾಸ್ಟ್‌ಫುಡ್ ಸರಣಿಗಳಲ್ಲಿ ಗಂಟೆಗೆ ಕನಿಷ್ಠ 20 ಡಾಲರ್ ಕೊಡಬೇಕು ಅಂತ ಆಗಿದೆ. ಸರಿಯಾಗಿಯೇ ಆಗಿದೆ. ಬಿಸಿ ಎಣ್ಣೆಯ ಮುಂದೆ ಎಂಟು ಗಂಟೆ ನಿಂತವರಿಗೇ ಅದರ ಬೆಲೆ ಗೊತ್ತು.

ಆ ಗಿರಾಕಿಗಳು ಎಲ್ಲಿಂದ ಬಂದರು? ಇದೇ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಲೇಕ್‌ವುಡ್‌ನಿಂದ, ಅಂದರೆ ಈಗ ನಾವಿರುವ ಊರಿನಿಂದ. 1950ಕ್ಕೆ ಮುಂಚೆ ಇಲ್ಲೆಲ್ಲ ಹೊಲ. ಸುಮಾರು ಮೂರು ವರ್ಷದಲ್ಲಿ 17,500 ಮನೆ ಎದ್ದವು. ಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಜಿಐ ಬಿಲ್ ಕಾನೂನಿನಂತೆ ಸರ್ಕಾರ ಸಾಲಕ್ಕೆ ಖಾತರಿ ನಿಂತಿತು, ಮುಂಗಡ ಕೊಡದೆಯೂ ಮನೆ ಸಿಕ್ಕಿತು. ನಮ್ಮ ಪಕ್ಕದ ಮನೆಯ ಅಜ್ಜಿ 1951ರಲ್ಲಿ ಹೊಸ ಮದುವಣಗಿತ್ತಿಯಾಗಿ ಬಂದು ಇನ್ನೂ ಅದೇ ಮನೆಯಲ್ಲಿದ್ದಾರೆ. ಗಂಡನಿಗೆ ಲಾಂಗ್ ಬೀಚಿನ ಡಗ್ಲಸ್ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅತ್ತ ಡೌನಿಯಲ್ಲಿ ನಾರ್ತ್ ಅಮೆರಿಕನ್ ಏವಿಯೇಷನ್. ಮುಂದೆ ಅಪೊಲೊ ಗಗನಯಾತ್ರಿಗಳು ಕೂತು ಹೋದ ಕಮಾಂಡ್ ಮಾಡ್ಯೂಲ್ ತಯಾರಾದದ್ದು ಅಲ್ಲೇ. ಕೊರಿಯಾ ಯುದ್ಧ, ಸೋವಿಯೆತ್ ಜೊತೆಗಿನ ಪೈಪೋಟಿ, ಇದಕ್ಕೆಲ್ಲ ವಾಷಿಂಗ್ಟನ್ ಸುರಿದ ಹಣ ಇಲ್ಲಿ ಸಂಬಳವಾಗಿ ಇಳಿಯಿತು. ಆ ದಶಕದ ಸಮೃದ್ಧಿ ತಾನಾಗಿ ಬಂತು, ವ್ಯಾಪಾರಸ್ಥರ ಜಾಣತನದಿಂದ ಬಂತು ಅಂತ ಹೇಳುವವರಿಗೆ ಈ ಒಂದೇ ರಸ್ತೆಯನ್ನು ತೋರಿಸಬೇಕು. ಸಂಬಳ ಸರ್ಕಾರದ್ದು, ಮನೆಸಾಲದ ಖಾತರಿ ಸರ್ಕಾರದ್ದು. 1956ರ ಹೆದ್ದಾರಿ ಕಾನೂನು ಬಂದಮೇಲೆ 41,000 ಮೈಲಿಯ ಇಂಟರ್‌ಸ್ಟೇಟ್ ಜಾಲಕ್ಕೆ ನೂರರಲ್ಲಿ 90 ಪಾಲು ಕೊಟ್ಟದ್ದೂ ಕೇಂದ್ರ ಸರ್ಕಾರವೇ. ಅದೇ ಹೊತ್ತಿಗೆ ಲಾಸ್ ಏಂಜಲೀಸಿನ ಕೆಂಪು ಟ್ರಾಮುಗಳು ಒಂದೊಂದೇ ಮಾರ್ಗದಲ್ಲಿ ನಿಂತವು. ಕೊನೆಯದಾದ ಲಾಂಗ್ ಬೀಚ್ ಮಾರ್ಗ 1961ರಲ್ಲಿ ನಿಂತಿತು. ಕಾರಿಲ್ಲದೆ ಬದುಕುವುದೇ ಕಷ್ಟವಾಯಿತು. ಲೇಕ್‌ವುಡ್ ಸೆಂಟರ್ ಅನ್ನುವ ಮಾಲ್ ಕಟ್ಟಿದಾಗ ಸುತ್ತ 10,000 ಕಾರಿಗೆ ಜಾಗ ಬಿಟ್ಟರು.

ಅಜ್ಜಿಯನ್ನು ಒಮ್ಮೆ ಕೇಳಿದೆ, ಆಗ ಡೌನಿಗೆ ಯಾಕೆ ಹೋಗುತ್ತಿದ್ದಿರಿ, ರುಚಿ ಅಷ್ಟು ಚೆನ್ನಾಗಿತ್ತಾ ಅಂತ. ರುಚಿಯ ಮಾತನ್ನೇ ಅವರು ಎತ್ತಲಿಲ್ಲ. "ಮಕ್ಕಳಿಗೆ ಪೈಜಾಮಾ ಹಾಕಿಯೇ ಹಿಂದಿನ ಸೀಟಿಗೆ ಹತ್ತಿಸುತ್ತಿದ್ದೆವು. ಚೆಲ್ಲಿದರೆ ಬೈಯುವವರಿಲ್ಲ, ಅತ್ತರೆ ತಿರುಗಿ ನೋಡುವವರಿಲ್ಲ. ವಾಪಸ್ಸು ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದವು. ಆ ರಾತ್ರಿ ನನಗೆ ತೊಳೆಯುವುದು ಏನೂ ಇರುತ್ತಿರಲಿಲ್ಲ" ಅಂದರು. 1957ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 43 ಲಕ್ಷ ಮಕ್ಕಳು ಹುಟ್ಟಿದವು. ಹೋಟೆಲಿಗೆ ಹೋಗುವುದು ಅಂದರೆ ಟೈ ಕಟ್ಟಿ, ಮಕ್ಕಳನ್ನು ಯಾರ ಹತ್ತಿರವಾದರೂ ಬಿಟ್ಟು ಹೋಗುವುದು ಅನ್ನುವ ಕಾಲದಲ್ಲಿ, ಮಕ್ಕಳೊಂದಿಗೆ ಬನ್ನಿ ಅಂದ ಜಾಗ ಇದು. ಎರಡನೆಯ ಮಗು ಶಾಲೆಗೆ ಸೇರಿದ ಮೇಲೆ ಅಜ್ಜಿ ಒಂದು ಬಟ್ಟೆ ಅಂಗಡಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಹೋದರು. ಆ ದಶಕದ ಜಾಹೀರಾತುಗಳಲ್ಲಿ ಹೆಂಗಸರು ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಗುತ್ತಿರುತ್ತಾರೆ. ನಿಜದಲ್ಲಿ ಮದುವೆಯಾದ ಹೆಂಗಸರು ಸಂಬಳದ ಕೆಲಸಕ್ಕೆ ಹೋಗುವುದು ವರ್ಷ ವರ್ಷ ಏರುತ್ತಲೇ ಇತ್ತು. ಕೆಲಸ ಮುಗಿಸಿ ಬಂದ ಸಂಜೆ ಈ ಕಿಟಕಿ ಎಷ್ಟು ಒದಗಿತು ಅಂತ ಅವರಿಗೇ ಗೊತ್ತು.

ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲೇ ಉಳಿದಿದೆ. ಮನೆ ಸಾಲದ್ದು, ಕಾರು ಕಂತಿನದು, ಟಿವಿ ಕಂತಿನದು, ವಾಷಿಂಗ್ ಮೆಷಿನ್ನೂ ಕಂತಿನದು. ಪೂರ್ತಿ ದುಡ್ಡು ಕೊಟ್ಟು ತಮ್ಮದು ಅಂತ ಕೊಳ್ಳುತ್ತಿದ್ದದ್ದು ದಿನಸಿ ಬಿಟ್ಟರೆ ಈ ಹ್ಯಾಂಬರ್ಗರ್ ಮಾತ್ರವಂತೆ. 1950ರಲ್ಲಿ ಹತ್ತರಲ್ಲಿ ಒಂದು ಮನೆಯಲ್ಲೂ ಸರಿಯಾಗಿ ಇಲ್ಲದ ಟಿವಿ, ದಶಕ ಮುಗಿಯುವಷ್ಟರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮನೆಗೆ ಬಂದದ್ದು ಹೀಗೆ ಕಂತಿನ ಮೇಲೆ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಫ್ರೆಸ್ನೊ ಊರಿನ 60,000 ಜನರಿಗೆ ಕೇಳದೆಯೇ ಕ್ರೆಡಿಟ್ ಕಾರ್ಡನ್ನು ಅಂಚೆಯಲ್ಲಿ ಕಳಿಸಿತು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸಾಲ ಅಂದರೆ ನಾಚಿಕೆ ಅಂದುಕೊಂಡು ಬದುಕಿದವರ ಮಕ್ಕಳು ಇವರು. ಒಂದೇ ತಲೆಮಾರಿನಲ್ಲಿ ಎಷ್ಟು ದೂರ ಬಂದರು!

ಆದರೆ ಈ ಸಾಲ ಎಲ್ಲರಿಗೂ ಸಿಗಲಿಲ್ಲ, ಮತ್ತು ಇದನ್ನು ಬಿಟ್ಟು ಈ ಅಂಗಡಿಯ ಬಗ್ಗೆ ಬರೆಯುವುದು ನನಗೆ ಸಾಧ್ಯವಿಲ್ಲ. ಲೇಕ್‌ವುಡ್‌ನ ಹೊಸ ಮನೆಗಳನ್ನು ಕಪ್ಪು ಕುಟುಂಬಗಳಿಗೆ ಮಾರುತ್ತಿರಲಿಲ್ಲ. ಬಿಳಿಯರಿಗೆ ಮಾತ್ರ ಅನ್ನುವ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿದ್ದರೂ ವ್ಯವಹಾರ ಹಾಗೆಯೇ ನಡೆಯಿತು. ಅದೇ ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕ ಕೈಯಲ್ಲಿ ಜಿಐ ಬಿಲ್ ಹಿಡಿದು ಬಂದರೂ ಮಾರುವವರಿರಲಿಲ್ಲ. 15 ಸೆಂಟ್ಸಿನದು ಒಂದು ಹೊತ್ತಿನ ಊಟ. ಮನೆ ಹಾಗಲ್ಲ, ಎಪ್ಪತ್ತು ವರ್ಷದಲ್ಲಿ ಅದರ ಬೆಲೆ ಏರಿ ಮೊಮ್ಮಕ್ಕಳ ಓದಿಗೆ, ವ್ಯಾಪಾರಕ್ಕೆ ಬಂಡವಾಳವಾಗುತ್ತದೆ. ನಮ್ಮ ಬೀದಿಯಲ್ಲೇ ಅದನ್ನು ನೋಡುತ್ತಿದ್ದೇನೆ. ಸಿಗದೆ ಹೋದವರ ಮೊಮ್ಮಕ್ಕಳಿಗೆ ಅದು ಇವತ್ತಿಗೂ ಸಿಕ್ಕಿಲ್ಲ.

ಇನ್ನು ನಮ್ಮಂಥವರು? 1946ರ ಕಾನೂನಿನಿಂದ ಭಾರತೀಯರು ಇಲ್ಲಿನ ಪೌರರಾಗಲು ಅವಕಾಶವೇನೋ ಆಯಿತು. ಆದರೆ ಭಾರತದಿಂದ ವಲಸೆ ಬರಲು ಬಿಡುತ್ತಿದ್ದದ್ದು ವರ್ಷಕ್ಕೆ 100 ಜನರನ್ನು. ಈ ಅಂಗಡಿ ಶುರುವಾದಾಗ ನನ್ನಂಥವಳು ಈ ಸಾಲಿನಲ್ಲಿ ನಿಂತಿರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬೇಕು. ಹಾಗಿದ್ದೂ 1956ರ ಚುನಾವಣೆಯಲ್ಲಿ ಇದೇ ದಕ್ಷಿಣ ಕ್ಯಾಲಿಫೋರ್ನಿಯಾದಿಂದ ದಲೀಪ್ ಸಿಂಗ್ ಸೌಂದ್ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದರು. ಪಂಜಾಬಿನಲ್ಲಿ ಹುಟ್ಟಿ, ಇಂಪೀರಿಯಲ್ ಕಣಿವೆಯಲ್ಲಿ ವ್ಯವಸಾಯ ಮಾಡಿದವರು. ಮತ ಹಾಕುವ ಹಕ್ಕಿರುವ ಸದಸ್ಯರಾಗಿ ಅಲ್ಲಿಗೆ ಸೇರಿದ ಮೊದಲ ಏಷ್ಯಾ ಮೂಲದವರು ಅವರೇ. ಐವತ್ತರ ದಶಕ ಅಂದರೆ ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬದುಕಿದರು ಅನ್ನುವ ಮಾತು ಬಂದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಈ ಅಂಗಡಿ ಉಳಿದದ್ದು ಹೇಗೆ ಅನ್ನುವುದೂ ಒಂದು ಸ್ವಾರಸ್ಯ. ಡೌನಿಯ ಅಂಗಡಿ ನಡೆಸುತ್ತಿದ್ದವರು ಕರಾರು ಮಾಡಿಕೊಂಡಿದ್ದದ್ದು ಅಣ್ಣತಮ್ಮಂದಿರ ಜೊತೆ, ಕ್ರಾಕ್ ಜೊತೆ ಅಲ್ಲ. ಹಾಗಾಗಿ ಕಂಪನಿ ಉಳಿದ ಅಂಗಡಿಗಳಿಗೆಲ್ಲ ಹೊಸ ಚಾವಣಿ, ಒಳಗೆ ಕೂರುವ ಹಾಲ್, ಡ್ರೈವ್ ಥ್ರೂ ಮಾಡಿಸಿದಾಗ ಇವರನ್ನು ಬಲವಂತ ಮಾಡುವಂತಿರಲಿಲ್ಲ. 1990ರಲ್ಲಿ ಕಂಪನಿ ಇದನ್ನು ಕೊಂಡಿತು. 1994ರ ಜನವರಿಯ ನಾರ್ತ್‌ರಿಜ್ ಭೂಕಂಪದಲ್ಲಿ ಪೆಟ್ಟು ಬಿದ್ದು ಮುಚ್ಚಿತು, ಕೆಡವುವ ಮಾತು ಬಂತು. ಊರಿನವರು ಬಿಡಲಿಲ್ಲ. ಐತಿಹಾಸಿಕ ಕಟ್ಟಡಗಳ ರಾಷ್ಟ್ರೀಯ ಟ್ರಸ್ಟ್ ಆ ವರ್ಷದ ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೆ ಇದನ್ನು ಸೇರಿಸಿತು. ರಿಪೇರಿಯಾಗಿ 1996ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಪಕ್ಕದಲ್ಲಿ ಹಳೆಯ ಸಾಮಾನುಗಳ ಪುಟ್ಟ ಮ್ಯೂಸಿಯಂ ಇದೆ. ಹಳೆಯ ಫೋಟೊ, ಕಾಗದದ ಲೋಟಗಳನ್ನು ನಿಧಾನವಾಗಿ ನೋಡಿ. ಮಕ್ಕಳಿದ್ದರೆ ಆಟಿಕೆಗಳ ಕಪಾಟಿನ ಮುಂದೆ ಹೊತ್ತು ಹೋಗುತ್ತದೆ, ಅದಕ್ಕೂ ಸಮಯ ಇಟ್ಟುಕೊಳ್ಳಿ.

ತಿನ್ನುವ ವಿಚಾರ. ಮೆನು ಬಹುಪಾಲು ಇವತ್ತಿನದೇ, ಹಾಗಾಗಿ 1953ರ ರುಚಿ ಹುಡುಕಬೇಡಿ. ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. 1990ರವರೆಗೆ ಮೆಕ್‌ಡೊನಾಲ್ಡ್ಸ್ ಫ್ರೈಸ್ ಕರಿಯುತ್ತಿದ್ದದ್ದು ದನದ ಕೊಬ್ಬಿನಲ್ಲಿ. ಆಮೇಲೆ ಸಸ್ಯಜನ್ಯ ಎಣ್ಣೆಗೆ ಬದಲಾದರೂ ಅಮೆರಿಕದ ಫ್ರೈಸಿನಲ್ಲಿ ಬೀಫ್ ಫ್ಲೇವರ್ ಇದೆ ಅಂತ ಕಂಪನಿಯೇ ತನ್ನ ಪಟ್ಟಿಯಲ್ಲಿ ಹಾಕಿದೆ. ನಾನು ಅದನ್ನು ಮುಟ್ಟುವುದಿಲ್ಲ. ಮಿಲ್ಕ್‌ಶೇಕ್ ಕುಡಿಯಬಹುದು.

ನಾನು ಮೊದಲೇ ಹೇಳಿದ ಆ ಒಂದು ತಿಂಡಿ ಆ್ಯಪಲ್ ಪೈ. ಅಮೆರಿಕದ ಉಳಿದ ಬಹುತೇಕ ಮೆಕ್‌ಡೊನಾಲ್ಡ್ಸ್‌ಗಳಲ್ಲಿ 1992ರಿಂದ ಇದನ್ನು ಒವನ್‌ನಲ್ಲಿ ಬೇಯಿಸುತ್ತಾರೆ, ಇಲ್ಲಿ ಈಗಲೂ ಎಣ್ಣೆಯಲ್ಲಿ ಕರಿಯುತ್ತಾರೆ. ಮೇಲಿನ ಕಣಕದ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿರುತ್ತದೆ. ಕಚ್ಚಿದರೆ ಕರುಕುರು ಅಂತ ಒಡೆದು, ಒಳಗಿನ ಸೇಬಿನ ಹೂರಣ ದಾಲ್ಚಿನ್ನಿಯ ಘಮದೊಂದಿಗೆ ಸುಡುಸುಡು ಹೊರಬರುತ್ತದೆ. ಕರಿದ ಕಣಕದಲ್ಲಿ ಉಪ್ಪು ಒಂದು ಚೂರು ಮುಂದಿರುವುದು ಈ ಪೈಯ ಜಾಣತನ, ಅದಿಲ್ಲದಿದ್ದರೆ ಎರಡನೇ ತುತ್ತಿಗೇ ಸಿಹಿ ಮುಖಕ್ಕೆ ಹೊಡೆಯುತ್ತಿತ್ತು. ಕೈಗೆ ಬಂದಮೇಲೆ ಎರಡು ನಿಮಿಷ ಕಾಯಿರಿ, ನಾಲಿಗೆ ಸುಡುತ್ತದೆ. ತಲೆಗೊಂದರಂತೆ ತೆಗೆದುಕೊಂಡು ಹೊರಗಿನ ಟೇಬಲ್ಲಿನಲ್ಲೇ ಮುಗಿಸಿ. ಮನೆಗೆ ಕಟ್ಟಿಸಿಕೊಂಡರೆ ಪೊಟ್ಟಣದೊಳಗೆ ಹಬೆ ಕೂತು, ಲೇಕ್‌ವುಡ್ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ.